ಎರಡನೇ ಚರಣದ ಮೂರನೇ ಸಾಲು

ಮಲ್ಲೇಶ್ವರದಲ್ಲಿ ಧ್ವನಿಮುದ್ರಣ ಕಲಿಸುವ ಒಂದು ಶಾಲೆಯಿದೆ. ಅಲ್ಲಿನ ಮೇಡಂ ಒಬ್ಬರು ಫೋನ್ ಮಾಡಿ, ಗಾಯಕರ ದನಿ ಹಿಡಿಯುವ ಹಳೆಯ ಸಲಕರಣೆಗಳಿಗೂ ಈಗಿನವಕ್ಕೂ ಏನು ವ್ಯತ್ಯಾಸ ಅಂತ ವಿದ್ಯಾರ್ಥಿಗಳ ಮುಂದೆ ಒಂದು ಗಂಟೆ ಮಾತಾಡಬೇಕು ಅಂದರು. ಮೂವತ್ತು ವರ್ಷಕ್ಕೂ ಮೀರಿ ಬೇರೆಯವರ ಬಾಯಿಯ ಮುಂದೆ ಮೈಕ್ ಇಟ್ಟವನು ನಾನು. ನನ್ನ ಬಾಯಿಯ ಮುಂದೆ ಯಾರಾದರೂ ಇಟ್ಟರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಭಾಷಣ ನಾಳೆ ಅನ್ನುವಾಗ ಇವತ್ತೇ ಜ್ವರ ಬಂದಿರುತ್ತದೆ. ಬರೆದು ಕೊಡುತ್ತೇನೆ ಅಂದೆ. ಬರೆಯಲು ಕೂತ ಮೇಲೆ ತಿಳಿಯಿತು, ಬರೀ ಸಲಕರಣೆಗಳ ಬಗ್ಗೆ ಬರೆದು ಎದ್ದುಬಿಡುವ ಹಾಗಿಲ್ಲ ಅಂತ.

ನನಗೀಗ ಐವತ್ತೇಳು. ಚಾಮರಾಜಪೇಟೆಯ ನಮ್ಮ ಸ್ಟುಡಿಯೋ ಮುಚ್ಚಿತು, ಅದರ ಜೊತೆ ನಾನೂ ನಿವೃತ್ತನಾದೆ. ಆ ಜಾಗದಲ್ಲಿ ಈಗ ಹಲ್ಲಿನ ಡಾಕ್ಟರ ಕ್ಲಿನಿಕ್ ಇದೆ. ಒಳಗಿನ ಸದ್ದು ಹೊರಗೆ ಹೋಗದ ಹಾಗೆ ನಾವು ಕಟ್ಟಿಸಿದ್ದ ಗೋಡೆಗಳನ್ನು ಅವರು ಒಡೆಸಿಲ್ಲ. ಯಾಕೆ ಅಂತ ಯೋಚಿಸಿದಾಗಲೆಲ್ಲ ನನ್ನ ದವಡೆ ನೋಯುತ್ತದೆ.

ನಾನು ಸೇರಿದಾಗ ಅಲ್ಲಿದ್ದದ್ದು ಒಂದೇ ಒಂದು ಒಳ್ಳೆಯ ಮೈಕ್. ಜರ್ಮನಿಯದು, ಒಳಗೆ ವಾಲ್ವ್ ಇತ್ತು. ಹಳೆಯ ರೇಡಿಯೋದ ಹಾಗೆ, ಕಾದ ಮೇಲೆಯೇ ಅದಕ್ಕೆ ಜೀವ ಬರುತ್ತಿದ್ದದ್ದು. ಹಾಡುವವರು ಹತ್ತಕ್ಕೆ ಬರುತ್ತಾರೆ ಅಂದರೆ ಒಂಬತ್ತೂವರೆಗೆ ಸ್ವಿಚ್ ಹಾಕಬೇಕು. ಮಳೆಗಾಲದ ತೇವಕ್ಕೆ ಅದು ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಅನ್ನುತ್ತಿತ್ತು. ಅದಕ್ಕೇ ಕೆಲಸ ಮುಗಿದ ಮೇಲೆ ಬಿಸ್ಕತ್ತಿನ ದೊಡ್ಡ ಡಬ್ಬದಲ್ಲಿ ಒಂದು ಸಣ್ಣ ಬಲ್ಬು ಉರಿಸಿ, ಕೋಳಿಮರಿಯನ್ನು ಮಲಗಿಸುವ ಹಾಗೆ ಅದನ್ನು ಮಲಗಿಸುತ್ತಿದ್ದೆವು. ಪಕಾರ, ಬಕಾರಗಳ ಗಾಳಿ ಮೈಕಿಗೆ ನೇರವಾಗಿ ಹೊಡೆಯಬಾರದು ಅಂತ ಮುಂದೆ ಒಂದು ಜಾಲರಿ ಇರುತ್ತದಲ್ಲ, ಅದು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕಸೂತಿ ಹಾಕುವ ಮರದ ಬಳೆಗೆ ಹೆಂಗಸರು ತೊಡುವ ತೆಳ್ಳನೆಯ ಕಾಲುಚೀಲವನ್ನು ಬಿಗಿದು ನಾವೇ ಮಾಡಿಕೊಳ್ಳುತ್ತಿದ್ದೆವು. ಆ ಕಾಲುಚೀಲ ತರಲು ಮೊದಲ ವಾರ ನನ್ನನ್ನೇ ಚಿಕ್ಕಪೇಟೆಗೆ ಕಳಿಸಿದರು. ಅಂಗಡಿಯವನು ಯಾರಿಗೆ ಅಂತ ಕೇಳಿದ. ಮೈಕಿಗೆ ಅಂದೆ. ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಒಳಗಿದ್ದ ತಮ್ಮನನ್ನೂ ಕರೆದು ತೋರಿಸಿದ.

ನನಗೆ ಕೆಲಸ ಕಲಿಸಿದವರು ವರದರಾಜನ್ ಸಾರ್. ಸಣ್ಣ ಆಳು, ಹಣೆಯ ಮೇಲೆ ಸದಾ ಏರಿಸಿದ ಕನ್ನಡಕ. ದನಿ ಎಷ್ಟು ಜೋರಾಗಿ ಟೇಪಿಗೆ ಹೋಗುತ್ತಿದೆ ಅಂತ ತೋರಿಸಲು ಮಿಷನ್ನಿನಲ್ಲಿ ಮುಳ್ಳುಗಳು ಇರುತ್ತಿದ್ದವು. ನಾನು ಅವುಗಳನ್ನೇ ನೋಡುತ್ತಾ ಕೂತಿರುತ್ತಿದ್ದೆ, ಎಲ್ಲಿ ಕೆಂಪು ಗೆರೆ ದಾಟಿಬಿಡುತ್ತದೋ ಅಂತ. ಅವರು ಎದ್ದು ಬಂದು ಆ ದಿನದ ಪೇಪರನ್ನು ಮುಳ್ಳುಗಳ ಮೇಲೆ ಹೊದಿಸಿ, “ಈಗ ಕೇಳು” ಅಂದು ತಮ್ಮ ಜಾಗಕ್ಕೆ ಹೋಗಿ ಕೂರುತ್ತಿದ್ದರು.

ನನ್ನ ಮೊದಲ ದೊಡ್ಡ ತಪ್ಪು ಅವರ ಕಣ್ಣೆದುರೇ ಆಯಿತು. ಟೇಪ್ ಉಜ್ಜಿಕೊಂಡು ಹೋಗುವ ಹೆಡ್ಡಿಗೆ ದಿನ ಕಳೆದಂತೆ ಅಯಸ್ಕಾಂತದ ಗುಣ ಹತ್ತುತ್ತದೆ. ಅದನ್ನು ಬಿಡಿಸಲು ಕೋಲಿನಂಥ ಒಂದು ಉಪಕರಣ ಇರುತ್ತಿತ್ತು. ಅದನ್ನು ಹೆಡ್ಡಿನ ಹತ್ತಿರ ತಂದು, ಮೆಲ್ಲಗೆ ದೂರ ಒಯ್ದು, ಕೈ ಪೂರ್ತಿ ಚಾಚಿದ ಮೇಲೆ ಆಫ್ ಮಾಡಬೇಕು. ಅದು ಹೆಡ್ಡಿನ ಮೇಲಿರುವಾಗಲೇ ನಾನು ಆಫ್ ಮಾಡಿದೆ. ಇದ್ದದ್ದು ಹೋಗುವ ಬದಲು ಇಲ್ಲದ್ದೂ ಬಂದು ಸೇರಿತು. ಅವತ್ತು ಮುದ್ರಿಸಿದ ಸುಪ್ರಭಾತದ ಹಿಂದೆ ಯಾರೋ ಒಂದೇ ಸಮನೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಹಾಗೆ ಸದ್ದು. ಸಾರ್ ಬೈಯಲಿಲ್ಲ. ಒಂದು ತಿಂಗಳು ಆ ಕೋಲನ್ನು ನನ್ನ ಕೈಗೆ ಕೊಡಲಿಲ್ಲ, ಅಷ್ಟೇ. ದಿನಾ ಬೆಳಿಗ್ಗೆ ನನ್ನೆದುರು ತಾವೇ ಮಾಡಿ, ಕೈ ದೂರ ಹೋದ ಮೇಲೆ ನನ್ನ ಕಡೆ ತಿರುಗಿ “ಈಗ” ಅನ್ನುತ್ತಿದ್ದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಈಗ ಈ ಕೆಲಸಕ್ಕೆ ಸೇರುವವರಿಗೆ ಒಂದು ಪದ್ಧತಿಯನ್ನು ಬಿಡಿಸಿ ಹೇಳಬೇಕು. ನಮ್ಮ ಟೇಪಿನಲ್ಲಿ ಎಂಟು ಓಣಿಗಳಿದ್ದವು. ಅವಕ್ಕೆ ಟ್ರ್ಯಾಕ್ ಅನ್ನುತ್ತಿದ್ದೆವು. ಏಳು ವಾದ್ಯಗಳಿಗೆ, ಒಂದು ಹಾಡಿಗೆ. ನಾವು ಮಾಡುತ್ತಿದ್ದದ್ದು ಹೆಚ್ಚಾಗಿ ಭಕ್ತಿಗೀತೆಗಳ ಕ್ಯಾಸೆಟ್ಟು. ಹೆಸರಾಂತ ಗಾಯಕಿ ಬೆಳಗಿನ ವಿಮಾನಕ್ಕೆ ಬಂದು ಸಂಜೆಯದಕ್ಕೆ ಹೊರಡುವವರು. ಅವರು ಬರುವ ಮೊದಲೇ ವಾದ್ಯ ನುಡಿಸುವವರಿಗೆ ಅನುಸರಿಸಲು ಒಂದು ದನಿ ಬೇಕು. ಅವರು ಬಂದ ಮೇಲೆ ಕೇಳಿ ಕಲಿಯಲೂ ಒಂದು ದನಿ ಬೇಕು. ಆ ದನಿಯವರನ್ನು ಟ್ರ್ಯಾಕ್ ಹಾಡುವವರು ಅನ್ನುತ್ತಿದ್ದರು. ಎಂಟನೇ ಓಣಿಯಲ್ಲಿ ಮೊದಲು ಅವರು ಹಾಡುತ್ತಾರೆ. ಆಮೇಲೆ ದೊಡ್ಡವರು ಬಂದು ಅದೇ ಓಣಿಯಲ್ಲಿ ಹಾಡುತ್ತಾರೆ. ಹೊಸದು ಬರೆಯುತ್ತಾ ಹೋದಂತೆ ಮಿಷನ್ನು ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಅದಕ್ಕೊಂದು ಕೆಂಪು ಗುಂಡಿ. ಒತ್ತುವವನು ನಾನು.

ನಮ್ಮಲ್ಲಿ ಟ್ರ್ಯಾಕ್ ಹಾಡುತ್ತಿದ್ದವರು ಗಿರಿಜಮ್ಮ. ಕುಮಾರ ಪಾರ್ಕ್ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರೇ ಇದ್ದರೂ ನನ್ನನ್ನು ಅಣ್ಣ ಅನ್ನುತ್ತಿದ್ದರು. ಟ್ರ್ಯಾಕ್ ಹಾಡುವುದು ಒಂದು ವಿಚಿತ್ರ ವಿದ್ಯೆ. ಚೆನ್ನಾಗಿ ಹಾಡಬೇಕು, ಆದರೆ ತಮ್ಮದೇನೂ ಕಾಣಬಾರದು. ದೊಡ್ಡವರು ಎಲ್ಲಿ ಎಳೆಯುತ್ತಾರೆ, ಎಲ್ಲಿ ತಿರುಗಿಸುತ್ತಾರೆ ಅಂತ ಊಹಿಸಿ ಅವರ ಹಾಗೆ ಹಾಡಬೇಕು. ಗಿರಿಜಮ್ಮ ಅದರಲ್ಲಿ ಎಷ್ಟು ಪಳಗಿದ್ದರು ಅಂದರೆ ಕೆಲವು ಸಲ ದೊಡ್ಡವರೇ ಕೇಳಿ, ಇದನ್ನು ನಾನು ಯಾವಾಗ ಹಾಡಿದೆ ಅನ್ನುತ್ತಿದ್ದರು. ಆದರೂ ಅವರು ಬಚ್ಚಿಡಲಾರದ ಎರಡು ಗುರುತು ಇದ್ದವು. ಮೇಲಿನ ಸ್ವರದ ಸಾಲಿಗೆ ಹೋಗುವ ಮುಂಚೆ ಒಂದು ಸಣ್ಣ ಗುಟುಕು, ಎಂಜಲು ನುಂಗಿದ ಹಾಗೆ. ಮತ್ತೆ, ಸಾಲಿನ ಕೊನೆಯ ಸ್ವರವನ್ನು ಅವರು ತಟಕ್ಕನೆ ಬಿಡುತ್ತಿರಲಿಲ್ಲ. ಒಳಗೆ ಯಾರೋ ಮಲಗಿದ್ದಾರೆ ಅಂತ ಬಾಗಿಲನ್ನು ಮೆಲ್ಲಗೆ ಮುಚ್ಚುವವರ ಹಾಗೆ ಬಿಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ನೂರು ದನಿಯ ಮಧ್ಯೆ ಅವರನ್ನು ಗುರುತಿಸುತ್ತೇನೆ ಅಂತ ನಾನು ಜಂಬ ಕೊಚ್ಚಿಕೊಂಡದ್ದುಂಟು.

ಬಂದ ಕೂಡಲೇ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ. “ಇವತ್ತು ನನ್ನ ಅಳ್ಸೋರು ಯಾರು ಅಣ್ಣ?” ನಾನು ಹೆಸರು ಹೇಳುತ್ತಿದ್ದೆ. ಅವರು “ಪರವಾಗಿಲ್ಲ, ದೊಡ್ಡೋರೇ” ಅಂದು ನಗುತ್ತಾ ಗಾಜಿನ ಆಚೆಯ ಹಾಡುವ ಕೋಣೆಗೆ ಹೋಗಿ ನಿಲ್ಲುತ್ತಿದ್ದರು.

ಒಂದು ಶನಿವಾರ ಕೆಲಸ ಮುಗಿದು, ನಾನು ಮೈಕನ್ನು ಡಬ್ಬದಲ್ಲಿ ಮಲಗಿಸುತ್ತಿದ್ದಾಗ ಅವರು ಬಾಗಿಲಲ್ಲಿ ನಿಂತರು. ನಗುತ್ತಿರಲಿಲ್ಲ.

“ಒಂದ್ಸಲ ಅಳಿಸ್ದೆ ಬಿಡಿ ಅಣ್ಣ. ಹಾಡಲ್ಲ, ಒಂದೇ ಒಂದು ಸಾಲು. ಯಾರಿಗೂ ಗೊತ್ತಾಗಲ್ಲ. ನನ್ನ ದನಿ ಒಂದು ಕ್ಯಾಸೆಟ್ಟಲ್ಲಿದೆ ಅಂತ ನನಗೆ ಗೊತ್ತಿದ್ರೆ ಸಾಕು.”

ಟೇಪಿನಲ್ಲಿ ಜಾಗ ಇಲ್ಲ ಗಿರಿಜಮ್ಮ ಅಂದೆ. ಸುಳ್ಳಲ್ಲ. ಆದರೆ ಅವರ ಮಾತು ನನ್ನ ಬೆರಳಿಗೆ ಹತ್ತಿಕೊಂಡಿತು. ಎಲ್ಲಿ ನನಗರಿವಿಲ್ಲದೆ ತಡವಾಗಿ ಒತ್ತಿ ಅವರ ಒಂದು ಅಕ್ಷರ ಉಳಿದುಬಿಡುತ್ತದೋ ಅಂತ ಭಯವಾಗಿ, ಮುಂದೆ ಎಷ್ಟೋ ದಿನ ಬೇಕಾದ್ದಕ್ಕಿಂತ ಮುಂಚೆಯೇ ಕೆಂಪು ಗುಂಡಿ ಒತ್ತಿದೆ.

ಆಮೇಲೆ ಕಂಪ್ಯೂಟರ್ ಬಂತು. ವರದರಾಜನ್ ಸಾರ್ ಅದರ ಮುಂದೆ ಎರಡು ದಿನ ಕೂತು, ಏನೂ ಸುತ್ತುವುದೇ ಕಾಣುವುದಿಲ್ಲವಲ್ಲ ಅಂದು, ಮೂರನೇ ದಿನದಿಂದ ಬರಲಿಲ್ಲ. ಹಳೆಯದೇ ಚೆನ್ನ ಅನ್ನುವ ಪೈಕಿ ನಾನಲ್ಲ, ಇದನ್ನು ಸ್ಪಷ್ಟವಾಗಿ ಬರೆದುಕೊಳ್ಳಿ. ಹೊಸ ಮೈಕಿಗೆ ಸ್ವಿಚ್ ಹಾಕಿದ ಕ್ಷಣವೇ ಜೀವ. ಮಳೆಗೆ ಅದು ಚಟಪಟ ಅನ್ನುವುದಿಲ್ಲ. ಟೇಪಿನ ಸುಯ್ಯೆನ್ನುವ ಸದ್ದು ಇಲ್ಲವೇ ಇಲ್ಲ. ಹೆದರುವ ಗಾಯಕರಿಗೆ ನೂರು ಸಲ ತಪ್ಪುವ ಅವಕಾಶ. ನನ್ನಂಥವನಿಗಂತೂ, ಒತ್ತಿದ್ದನ್ನು ಒತ್ತಲಿಲ್ಲ ಅನ್ನಿಸುವ ಒಂದು ಗುಂಡಿ ಇರುವ ಲೋಕ ಸ್ವರ್ಗ. ಎಲ್ಲಕ್ಕಿಂತ ಮುಖ್ಯವಾಗಿ, ಯಾರನ್ನೂ ಅಳಿಸಬೇಕಾಗಿಲ್ಲ. ಓಣಿಗಳು ಎಷ್ಟು ಬೇಕಾದರೂ ಇವೆ. ಟ್ರ್ಯಾಕ್ ಹಾಡಿದವರ ದನಿಯನ್ನು ಮ್ಯೂಟ್ ಮಾಡಿದರೆ ಸಾಕು. ಪರದೆಯ ಮೇಲೆ ಬೂದು ಬಣ್ಣಕ್ಕೆ ತಿರುಗಿ ಸುಮ್ಮನೆ ಇರುತ್ತದೆ.

ಇದನ್ನು ಗಿರಿಜಮ್ಮನಿಗೆ ದೊಡ್ಡ ಸುದ್ದಿಯ ಹಾಗೆ ತೋರಿಸಿದೆ. ನೋಡಿ, ನೀವು ಇನ್ನು ಮೇಲೆ ಯಾವಾಗಲೂ ಇರುತ್ತೀರಿ ಅಂದೆ. ಅವರು ಆ ಬೂದು ಪಟ್ಟಿಯನ್ನು ನೋಡಿದರು. “ಇರ್ತೀನಿ, ಬಾಯಿ ಮುಚ್ಕೊಂಡು” ಅಂದರು.

ಹೊಸದರ ತೊಂದರೆ ಬೇರೆ ಕಡೆಯಿಂದ ಬಂತು. ದನಿ ಕಣ್ಣಿಗೆ ಕಾಣತೊಡಗಿತು. ಎಲ್ಲಿ ಉಸಿರು, ಎಲ್ಲಿ ಗುಟುಕು, ಎಲ್ಲಿ ಸ್ವರ ಒಂದು ಕೂದಲೆಳೆ ಇಳಿದಿದೆ, ಎಲ್ಲವೂ ಚಿತ್ರವಾಗಿ ಮುಂದೆ ಬಿದ್ದಿರುತ್ತದೆ. ಚಿಂತೆಯ ಸ್ವಭಾವದವನ ಮುಂದೆ ಇಂಥದನ್ನು ಇಡಬಾರದು. ನಾನು ಅದನ್ನೆಲ್ಲ ಕಸದ ಹಾಗೆ ಗುಡಿಸತೊಡಗಿದೆ. ಒಮ್ಮೆ ವಯಸ್ಸಾದ ಹರಿಕಥೆ ದಾಸರೊಬ್ಬರ ಒಂದು ಗಂಟೆಯ ಕಥೆಯಲ್ಲಿದ್ದ ಉಸಿರುಗಳನ್ನೆಲ್ಲ ಮೂರು ದಿನ ಕೂತು ಒಂದೊಂದಾಗಿ ಕತ್ತರಿಸಿ ತೆಗೆದೆ. ದಾಸರು ಬಂದು ಕೇಳಿದರು. ಐದು ನಿಮಿಷಕ್ಕೆ ಎದೆ ಒತ್ತಿಕೊಂಡು, “ಸ್ವಾಮಿ, ನನಗೆ ಉಸಿರಾಡೋಕೆ ಬಿಡ್ರಿ” ಅಂದರು. ಕೇಳುತ್ತಿದ್ದವರಿಗೂ ಹಾಗೇ ಆಗುತ್ತಿತ್ತು. ನೀರಿನೊಳಗೆ ತಲೆ ಅದುಮಿ ಹಿಡಿದ ಹಾಗೆ. ಮೂರು ದಿನದ ಕೆಲಸವನ್ನು ಒಂದು ಗುಂಡಿ ಒತ್ತಿ ಹಿಂದಕ್ಕೆ ತಂದೆ. ಬುದ್ಧಿ ಬಂತು ಅಂತ ಅಂದುಕೊಂಡೆ. ಬಂದಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಆರು ಹಾಡಿನ ಒಂದು ಸಿ.ಡಿ. ಗಿರಿಜಮ್ಮ ಆರಕ್ಕೂ ಟ್ರ್ಯಾಕ್ ಹಾಡಿ ಹೋದರು. ದೊಡ್ಡ ಗಾಯಕಿ ಬಂದು ಹಾಡಿದರು. ಅವರ ಹೆಸರು ಇಲ್ಲಿ ಬೇಡ. ಅವತ್ತು ಅವರ ಗಂಟಲು ಕಟ್ಟಿತ್ತು. ನಾಲ್ಕನೇ ಹಾಡಿನ ಎರಡನೇ ಚರಣದ ಮೂರನೇ ಸಾಲು ಮೇಲಿನ ಷಡ್ಜದಲ್ಲಿ ನಿಲ್ಲಬೇಕು. ನಿಲ್ಲಲಿಲ್ಲ. ಶುಕ್ರವಾರದ ಒಳಗೆ ಬಂದು ಅದೊಂದು ಸಾಲು ಹಾಡುತ್ತೇನೆ ಅಂದು ವಿಮಾನ ಹತ್ತಿದರು.

ಅಲ್ಲಿಯವರೆಗೆ ಹಾಡಿನ ಮಧ್ಯೆ ಹಳ್ಳ ಬಿದ್ದಿರಬಾರದಲ್ಲ. ಗಿರಿಜಮ್ಮನ ಬೂದು ಪಟ್ಟಿಯಿಂದ ಆ ಸಾಲನ್ನು ಎತ್ತಿ ತಂದು ಅಲ್ಲಿಟ್ಟೆ, ತಾತ್ಕಾಲಿಕ ಅಂತ. ಇಟ್ಟವನು ಸುಮ್ಮನಿದ್ದನೇ? ಕೈ ಗುಡಿಸುವ ಕೈ. ಸಾಲಿಗೆ ಮುಂಚಿನ ಗುಟುಕನ್ನು ಕತ್ತರಿಸಿದೆ, ಸ್ವರವನ್ನು ಗೆರೆಗೆ ತಂದೆ, ಹಿಂದುಮುಂದಿನ ಸಾಲುಗಳಿಗೆ ಹೊಲಿದು ಎಲ್ಲಕ್ಕೂ ಒಂದೇ ಹಸಿರು ಬಣ್ಣ ಕೊಟ್ಟೆ. ಶುಕ್ರವಾರ ಗಾಯಕಿ ಬರಲಿಲ್ಲ. ಮುಂದಿನ ವಾರ ನಾನು ದನಿ, ವಾದ್ಯಗಳನ್ನು ಹದವಾಗಿ ಬೆರೆಸಿ ಆರೂ ಹಾಡುಗಳನ್ನು ಮಿಕ್ಸ್ ಮಾಡಿದೆ. ಸ್ಟುಡಿಯೋ ಮಾಲೀಕರು ಸಿ.ಡಿ. ಅಚ್ಚಿಗೆ ತೆಗೆದುಕೊಂಡು ಹೋದರು.

ಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲಿ ಒಂದು ಮೊಳ ಸೇವಂತಿಗೆ ಕೊಳ್ಳುತ್ತಿದ್ದೆ. ಹೂವಿನವಳ ಹಿಂದಿನ ಅಂಗಡಿಯಲ್ಲಿ, ಹರಿದ ಸ್ಪೀಕರಿನಲ್ಲಿ ನಮ್ಮ ಹಾಡು. ಮೂರನೇ ಸಾಲು ಬಂತು. ಮೇಲೆ ನಿಂತು, ಕೊನೆಯ ಸ್ವರವನ್ನು ಬಾಗಿಲು ಮುಚ್ಚುವ ಹಾಗೆ ಮೆಲ್ಲಗೆ ಬಿಟ್ಟಿತು. ಗಿರಿಜಮ್ಮ; ತೆಗೆಯುವುದು ಮರೆತೇ ಹೋಗಿತ್ತು. ನಾನು ಕೈಯಲ್ಲಿದ್ದ ಹೂವನ್ನು ಅಲ್ಲೇ ಇಟ್ಟು ಮನೆಗೆ ಬಂದೆ.

ಮುಂದಿನ ಎರಡು ತಿಂಗಳು ಫೋನ್ ಹೊಡೆದುಕೊಂಡಾಗಲೆಲ್ಲ ಬೇರೆ ಯಾರಾದರೂ ಎತ್ತಲಿ ಅಂತ ಎದ್ದು ಹೋಗುತ್ತಿದ್ದೆ. ಗಾಯಕಿ ಕಂಡುಹಿಡಿಯುತ್ತಾರೆ, ವಕೀಲರ ನೋಟಿಸು ಬರುತ್ತದೆ, ಮಾಲೀಕರು ಬೀದಿಗೆ ಬೀಳುತ್ತಾರೆ; ನನ್ನ ಮನಸ್ಸು ಇಂಥದನ್ನೆಲ್ಲ ಕ್ರಮವಾಗಿ ಜೋಡಿಸಿಡುವುದರಲ್ಲಿ ಬಹಳ ಚುರುಕು. ಆದದ್ದೇ ಬೇರೆ. ಗಾಯಕಿಯೂ ಶುಕ್ರವಾರದ ಮಾತನ್ನು ಮರೆತಿದ್ದರೋ ಏನೋ, ಮಾಲೀಕರಿಗೆ ಫೋನ್ ಮಾಡಿ, ಕಟ್ಟಿದ ಗಂಟಲಲ್ಲೂ ಆ ಸಾಲು ದೇವಿಯೇ ಹಾಡಿಸಿದ್ದು ಅಂದರಂತೆ. ಕೇಳಿದವರೆಲ್ಲ ಹೊಗಳುತ್ತಿದ್ದದ್ದು ಆ ಸಾಲನ್ನೇ.

ಹಬ್ಬ ಕಳೆದ ಶನಿವಾರ ಗಿರಿಜಮ್ಮ ಬಂದರು. ಕೆಲಸ ಇರಲಿಲ್ಲ, ಒಂದು ಡಬ್ಬ ಕೊಬ್ಬರಿ ಮಿಠಾಯಿ ತಂದಿದ್ದರು. ಹಬ್ಬದ್ದು ಅಂದರು. ಮೇಜಿನ ಮೇಲಿಟ್ಟು, ಏನೋ ಮಾತಿಗೆ ಕಾಯುವವರ ಹಾಗೆ ಸ್ವಲ್ಪ ಹೊತ್ತು ನಿಂತರು. ಕೇಳಿಯೇಬಿಡುತ್ತಾರೆ ಅಂತ ನಾನು ಹೆಡ್‌ಫೋನ್ ಹಾಕಿಕೊಂಡೆ. ಅದರಲ್ಲಿ ಏನೂ ಬರುತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಹೇಡಿಯ ಕೆಲಸ, ಅದಕ್ಕೆ ಹೊಸ ಸಲಕರಣೆ ನೆಪವಾಯಿತು. ಅಷ್ಟು ಹೊತ್ತಿಗೆ ಧಾಟಿಯನ್ನು ಕೀಬೋರ್ಡಿನಲ್ಲೇ ನುಡಿಸಿ ಗಾಯಕರಿಗೆ ಕಳಿಸಬಹುದಿತ್ತು. ಇನ್ನು ಟ್ರ್ಯಾಕ್ ಹಾಡುವವರು ಬೇಕಾಗಿಲ್ಲ ಅಂತ ಮಾಲೀಕರಿಗೆ ನಾನೇ ಹೇಳಿದೆ. ಗಿರಿಜಮ್ಮ ಎರಡು ಸಲ ಫೋನ್ ಮಾಡಿದರು. ಕೆಲಸ ಕಡಿಮೆ ಅಂದೆ. ಮೂರನೇ ಸಲ ಅವರು ಮಾಡಲಿಲ್ಲ.

ಕೊನೆಯ ಕೆಲವು ವರ್ಷ ಯಾರೂ ಬರಲಿಲ್ಲ. ಗಾಯಕರು ತಮ್ಮ ಮನೆಯ ಬಟ್ಟೆಯ ಬೀರುವಿನ ಮುಂದೆ ನಿಂತು, ಅಂಗೈಯಗಲದ ಮೈಕಿನಲ್ಲಿ ಹಾಡಿ ಕಳಿಸುತ್ತಿದ್ದರು. ಚೆನ್ನಾಗಿಯೇ ಇರುತ್ತಿತ್ತು. ಒಬ್ಬ ಹುಡುಗಿಯ ದನಿಯನ್ನು ಮೂರು ವರ್ಷ ಮಿಕ್ಸ್ ಮಾಡಿದ್ದೇನೆ. ಅವಳಿಗೆ ಯಾವಾಗ ನೆಗಡಿಯಾಗಿತ್ತು ಅಂತ ಗೊತ್ತು, ಮುಖ ಗೊತ್ತಿಲ್ಲ. ಗಾಜಿನ ಆಚೆಯ ಕೋಣೆ ಖಾಲಿ. ಆದರೂ ಕೆಲಸ ಶುರು ಮಾಡುವ ಮುಂಚೆ ಎದ್ದು ಹೋಗಿ, ಸದ್ದು ಮೈಕಿಗೆ ಸೇರದಿರಲಿ ಅಂತ ಅಲ್ಲಿನ ಫ್ಯಾನ್ ಆಫ್ ಮಾಡಿ ಬರುತ್ತಿದ್ದೆ. ಮದುವೆಯಾಗಬೇಕಿತ್ತೇನೋ. ಏನಾದರೂ ಆಗಿಬಿಟ್ಟರೆ ಅನ್ನುವ ಯೋಚನೆಯಲ್ಲೇ ಆ ವಯಸ್ಸು ದಾಟಿತ್ತು. ಸಂಜೆ ಮನೆಗೆ ಹೋದರೆ ಅಲ್ಲೂ ಎರಡು ಸ್ಪೀಕರು, ಒಬ್ಬ ನಾನು.

ಮೇಡಂ ಕೇಳಿದ ಬರಹಕ್ಕೆ ಉದಾಹರಣೆ ಹುಡುಕಲು ಹೋದ ತಿಂಗಳು ಹಳೆಯ ಹಾರ್ಡ್ ಡಿಸ್ಕ್ ತೆರೆದೆ. ಗಿರಿಜಮ್ಮನ ಆ ನಾಲ್ಕನೇ ಹಾಡು ಪೂರ್ತಿ ಇತ್ತು, ಬೂದು ಬಣ್ಣದಲ್ಲಿ. ಮ್ಯೂಟ್ ತೆಗೆದು, ಪರದೆ ಆರಿಸಿ ಕೇಳಿದೆ. ಅದನ್ನು ಒಂದು ಪೆನ್ ಡ್ರೈವಿಗೆ ಹಾಕಿಕೊಂಡು, ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ, ತ್ಯಾಗರಾಜನಗರದ ಅವರ ಮನೆಗೆ ಹೋದೆ. ಗೇಟಿನ ಮುಂದೆ ಎರಡು ಸಲ ದಾಟಿ ಹೋದೆ. ಮೂರನೇ ಸಲ ಅವರೇ ಮಹಡಿಯಿಂದ ನೋಡಿ ಕರೆದರು.

“ಬನ್ನಿ ಅಣ್ಣ. ಕೂದಲೆಲ್ಲಾ ಏನ್ ಮಾಡ್ಕೊಂಡ್ರಿ?”

ಅವರೂ ನಿವೃತ್ತರಾಗಿದ್ದರು. ಮಂಡಿನೋವು, ಮೆಟ್ಟಿಲು ಇಳಿಯುವುದು ಕಡಿಮೆ ಅಂದರು. ಕಾಫಿ ಕೊಟ್ಟು ಎದುರು ಕೂತರು. ನಾನು ಬಾಯಿಪಾಠ ಶುರು ಮಾಡಿದೆ. ಗೌರಿ ಹಬ್ಬದ ಸಿ.ಡಿ., ನಾಲ್ಕನೇ ಹಾಡು ಅನ್ನುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು.

“ಗೊತ್ತು ಅಣ್ಣ. ಮೊದಲ್ನೇ ದಿನಾನೇ ಗೊತ್ತಾಯ್ತು. ಆಫೀಸಲ್ಲಿ ಯಾರೋ ಹಾಕಿದ್ರು. ಟೈಪ್ ಮಾಡ್ತಿದ್ದೋಳು ಹಾಗೇ ಕೂತ್ಬಿಟ್ಟೆ. ನಾನು ಯಾವತ್ತೋ ಕೇಳಿದ್ದನ್ನ ನೆನಪಿಟ್ಕೊಂಡು ಮಾಡಿದ್ರಲ್ಲ ನೀವು. ಮಿಠಾಯಿ ತಂದೆ, ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ. ಆಮೇಲೆ ನೀವು ಕರೀಲಿಲ್ಲ. ನನ್ನಿಂದ ಮಾಲೀಕರ ಹತ್ರ ನಿಮಗೇನೋ ತೊಂದರೆ ಆಗಿರ್ಬೇಕು ಅಂತ ನಾನೂ ಸುಮ್ನಾದೆ.”

ಅವರು ಹದಿನಾಲ್ಕು ವರ್ಷ ಅದನ್ನು ನಾನು ಕೊಟ್ಟ ಉಡುಗೊರೆ ಅಂದುಕೊಂಡಿದ್ದರು. ನಾನು ತಲೆಯಾಡಿಸಿದ್ದರೆ ಸಾಕಿತ್ತು. ಕಾಫಿ ಮುಗಿಸಿ, ಒಳ್ಳೆಯವನಾಗಿ ಎದ್ದು ಬರಬಹುದಿತ್ತು. ಪ್ರಾಮಾಣಿಕತೆಯಿಂದ ನಿಜ ಹೇಳಿದೆ ಅಂತ ತಿಳಿಯಬೇಡಿ. ಇನ್ನೊಂದು ಗುಟ್ಟನ್ನು ಇಟ್ಟುಕೊಂಡು ಚಿಂತೆ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೇ.

“ಬೇಕಂತ ಇಟ್ಟಿದ್ದಲ್ಲ ಗಿರಿಜಮ್ಮ. ತೆಗೆಯೋದು ಮರೆತೆ.”

ಅವರು ಲೋಟವನ್ನು ಕೆಳಗಿಟ್ಟರು.

“ಮರೆತ್ರಿ, ಸರಿ. ಮಿಕ್ಸ್ ಮಾಡುವಾಗ ಕೇಳಿರ್ತೀರಲ್ಲ. ಎಷ್ಟು ಸಲ ಕೇಳಿರ್ತೀರಿ?”

“ಇಪ್ಪತ್ತು ಸಲ.”

“ಆವಾಗ್ಲೂ ನಾನು ಅಂತ ಗೊತ್ತಾಗ್ಲಿಲ್ವಾ?”

ಪರದೆಯ ಮೇಲೆ ಎಲ್ಲವೂ ಒಂದೇ ಹಸಿರಾಗಿತ್ತು ಅಂತ ಹೇಳಬೇಕು ಅನ್ನಿಸಿತು. ಗುಟುಕನ್ನು ಕತ್ತರಿಸಿದ್ದೆ ಅಂತ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವರೇ ಮುಂದುವರಿಸಿದರು, ಸಿಟ್ಟಿಲ್ಲದ ದನಿಯಲ್ಲಿ.

“ಅದು ನನ್ನ ದನಿ ಅಂತ ಯಾರ ಹತ್ರಾನೂ ಹೇಳ್ಲಿಲ್ಲ ನಾನು. ಹೇಳಿದ್ರೆ ನಂಬೋರ್ಯಾರು? ಗೊತ್ತಿರೋರು ಒಬ್ರಿದ್ದಾರೆ ಅಂತ ಇದ್ದೆ.”

ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ. ಏನಾದರೂ ಮಾಡಲೇಬೇಕು ಅನ್ನಿಸಿ, ಕೆಲಸಕ್ಕೆ ಸೇರುವ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ, ಅದರಲ್ಲಿ ನಿಮ್ಮ ಹೆಸರು ಹಾಕಿ ಆ ಸಾಲು ನಿಮ್ಮದು ಅಂತ ಬರೆಯಲೇ ಅಂತ ಕೇಳಿದೆ. ಅವರು ಎದ್ದು ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಬಂತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಹೇಳಿದರು.

“ಬರೀರಿ. ಇಪ್ಪತ್ತು ಸಲ ಕೇಳಿದ್ರೂ ಗೊತ್ತಾಗ್ಲಿಲ್ಲ ಅನ್ನೋದನ್ನೂ ಬರೀರಿ.”

ಆ ಸಾಲನ್ನು ಹಾಡಿದವರು ಎಚ್. ಗಿರಿಜಾ. ನಾನು ಅದನ್ನು ಒಳ್ಳೆಯ ಸ್ಪೀಕರುಗಳಲ್ಲಿ, ಸದ್ದಿಲ್ಲದ ಕೋಣೆಯಲ್ಲಿ, ಪರದೆಯನ್ನು ನೋಡುತ್ತಾ ಇಪ್ಪತ್ತು ಸಲ ಕೇಳಿದೆ. ನನಗೆ ಗೊತ್ತಾಗಲಿಲ್ಲ.